ಕ ಅಂದರೆ 340 262 225

ಅವತ್ತು ಬೆಳಿಗ್ಗೆ ಈಮ್ಯಾಕ್ಸ್ ಅನ್ನುವ, ಬರೆಯಲು ತಿದ್ದಲು ಬಳಸುವ ಪ್ರೋಗ್ರಾಮಿನಲ್ಲಿ ಮಾವನ ಫೋಲ್ಡರ್ ತೆರೆದೆ. ಪಟ್ಟಿಯಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ತಲೆಯ ಮೇಲೆ ಓರೆ ಗೀರು ಹೊತ್ತ ಇಂಗ್ಲಿಷಿನ ಸಣ್ಣ ಎ. ಅದರ ಪಕ್ಕ ಮೇಲಕ್ಕೆ ಏರಿ ಕೂತ ಪುಟ್ಟ 2. ಆಮೇಲೆ ಹಿಂದಕ್ಕೆ ವಾಲಿದ ಗೀರು ಮತ್ತು 225. ಮತ್ತೆ ಅದೇ ಎ, ಮತ್ತೆ ಅದೇ 2, ಮತ್ತೊಂದು ಸಂಖ್ಯೆ. ಕೆಳಗಿನವರೆಗೂ ಇಂಥವೇ.

ಎದೆ ಧಸಕ್ಕೆಂದಿತು. ಯಾಕೆ ಅಂತ ಹೇಳಿದರೆ ನಿಮಗೂ ಗೊತ್ತಾಗುತ್ತದೆ.

ಮಾವ ನಮ್ಮಮ್ಮನ ತಮ್ಮ. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿದ್ದಾರೆ. ಮಂಡ್ಯದ ಒಂದು ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಡಿಟಿಪಿ ಕೆಲಸ ಮಾಡಿದವರು. ಕೆಲಸ ಮುಗಿಸಿ ಮನೆಗೆ ಬಂದ ಮೇಲೆ, ಅಜ್ಜಿ ಮತ್ತು ಅಕ್ಕಪಕ್ಕದ ಕೇರಿಯ ಹೆಂಗಸರು ಹಾಡುತ್ತಿದ್ದ ಪದಗಳನ್ನು ಕೇಳಿ ಕೇಳಿ ಟೈಪ್ ಮಾಡಿ ಇಟ್ಟಿದ್ದಾರೆ. ಬೀಸೋ ಪದ, ಸೋಬಾನೆ ಪದ, ನಾಟಿ ಪದ, ತೊಟ್ಟಿಲು ಪದ, ಕೋಲಾಟದ ಪದ. ಒಂದೊಂದು ಪದಕ್ಕೆ ಒಂದೊಂದು ಫೈಲ್. ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಎಲ್ಲದರ ಹೆಸರನ್ನೂ ಪೆನ್ನಿನಲ್ಲಿ ಬರೆದಿದ್ದಾರೆ. ಒಟ್ಟು 412.

ಫೈಲಿನ ಒಳಗೆ ಪದ ಮಾತ್ರ ಇದೆ. ಯಾರು ಹಾಡಿದ್ದು, ಯಾವ ಊರಿನವರು, ಯಾವ ಸಂದರ್ಭದ ಪದ ಅನ್ನುವುದೆಲ್ಲ ಫೈಲಿನ ಹೆಸರಿನಲ್ಲೇ ಇದೆ. ರಿಜಿಸ್ಟರಿನಲ್ಲಿ ಪದದ ಹೆಸರಷ್ಟೇ ಇದೆ, ಹಾಡಿದವರ ಹೆಸರಿಲ್ಲ. ಹಾಡಿದವರಲ್ಲಿ ಎಷ್ಟೋ ಜನ ಈಗ ಇಲ್ಲ. ನಮ್ಮ ಅಜ್ಜಿಯೂ ಇಲ್ಲ. ಫೈಲಿನ ಹೆಸರು ಹೋದರೆ ಹಾಡಿದವರ ಹೆಸರೂ ಹೋದ ಹಾಗೆ. ಅದಕ್ಕೇ ನನಗೆ ಅಷ್ಟು ಭಯವಾಗಿದ್ದು.

ಸ್ವಲ್ಪ ಹೊತ್ತು ಕೀಬೋರ್ಡ್ ಮುಟ್ಟದೆ ಸುಮ್ನೆ ನೋಡುತ್ತಾ ಕೂತೆ. ಪಕ್ಕದ ಫೋಲ್ಡರಿಗೆ ಹೋದೆ. ಅದು ನನ್ನದೇ ಫೋಲ್ಡರ್, ಹಿಂದಿನ ದಿನ ಸಂಜೆ ಚೆನ್ನಾಗಿಯೇ ಇತ್ತು. ಅಲ್ಲೂ ಅದೇ ಎ, ಅದೇ 2. ಇದನ್ನು ನೋಡಿ ಅರ್ಧ ಜೀವ ಬಂತು. ನನ್ನ ಫೈಲುಗಳನ್ನು ರಾತ್ರಿ ಯಾರೂ ಮುಟ್ಟಿಲ್ಲ. ಅಂದ ಮೇಲೆ ಕೆಟ್ಟಿರುವುದು ಹೆಸರುಗಳಲ್ಲ, ಅವನ್ನು ಓದುತ್ತಿರುವ ರೀತಿ. ಟರ್ಮಿನಲ್ ತೆರೆದು, ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್ ಆಜ್ಞೆ ಕೊಟ್ಟೆ. ನನ್ನ ಫೋಲ್ಡರಿನ ಹೆಸರುಗಳೆಲ್ಲ ಅಚ್ಚಗನ್ನಡದಲ್ಲಿ ಬಂದವು.

ಹಾಗಾದರೆ ಹಿಂದಿನ ದಿನಕ್ಕೂ ಇವತ್ತಿಗೂ ಏನು ಬದಲಾಗಿದೆ? ರಾತ್ರಿ ಮಲಗುವ ಮುಂಚೆ ಒಂದು ಕೆಲಸ ಮಾಡಿದ್ದೆ. ಕಂಪ್ಯೂಟರ್ ಆನ್ ಆದ ಕೂಡಲೇ ಈಮ್ಯಾಕ್ಸ್ ಹಿನ್ನೆಲೆಯಲ್ಲಿ ತಾನಾಗಿ ಶುರುವಾಗಲಿ ಅಂತ, ಹೇಳಿದ ಸಮಯಕ್ಕೆ ಕೆಲಸ ಶುರುಮಾಡುವ ಕ್ರಾನ್ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದ್ದೆ. ನಾವು ಲಾಗಿನ್ ಆಗಿ ತೆರೆಯುವ ಪ್ರೋಗ್ರಾಮಿಗೆ ಭಾಷೆ ಯಾವುದು, ಎನ್‌ಕೋಡಿಂಗ್ (ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನುವ ಒಪ್ಪಂದ) ಯಾವುದು ಅನ್ನುವ ಮಾಹಿತಿ ಲ್ಯಾಂಗ್ ಎಂಬ ವೇರಿಯಬಲ್ ಮೂಲಕ ಸಿಗುತ್ತದೆ. ಕ್ರಾನ್ ಶುರುಮಾಡಿದ ಈಮ್ಯಾಕ್ಸ್‌ಗೆ ಅದು ಸಿಕ್ಕಿರಲಿಲ್ಲ. ಫೈಲ್ ಹೆಸರುಗಳಿಗೆ ಯಾವ ಎನ್‌ಕೋಡಿಂಗ್ ಇಟ್ಟುಕೊಂಡಿದೆ ಅಂತ ಕೇಳಿ ನೋಡಿದರೆ ಲ್ಯಾಟಿನ್-1 ಅಂತ ಹೇಳಿತು. ಅದು ಪಶ್ಚಿಮ ಯುರೋಪಿನ ಭಾಷೆಗಳ ಎನ್‌ಕೋಡಿಂಗ್.

ಈಮ್ಯಾಕ್ಸ್‌ನಲ್ಲಿ ಫೈಲ್ ಪಟ್ಟಿ ತೋರಿಸುವ ಭಾಗಕ್ಕೆ ಡೈರೆಡ್ ಅಂತ ಹೆಸರು. ನಾನು ಬಳಸುವ ಲಿನಕ್ಸ್ ವ್ಯವಸ್ಥೆಯಲ್ಲಿ ಅದು ಪಟ್ಟಿಯನ್ನು ತಾನೇ ಮಾಡುವುದಿಲ್ಲ. ಎಲ್‌ಎಸ್ ಪ್ರೋಗ್ರಾಮನ್ನು ಕರೆಯುತ್ತದೆ. ಕಂಪ್ಯೂಟರ್ ಎಲ್ಲವನ್ನೂ ಬೈಟುಗಳಾಗಿ, ಅಂದರೆ 0ಯಿಂದ 255ರವರೆಗಿನ ಸಂಖ್ಯೆಗಳಾಗಿ ಇಡುತ್ತದೆ. ಎಲ್‌ಎಸ್ ಪಟ್ಟಿಯ ಜೊತೆಗೆ, ಯಾವ ಹೆಸರು ಎಷ್ಟನೇ ಬೈಟಿನಲ್ಲಿ ಶುರುವಾಗಿ ಎಷ್ಟನೇ ಬೈಟಿನಲ್ಲಿ ಮುಗಿಯಿತು ಅಂತಲೂ ಲೆಕ್ಕ ಕೊಡುತ್ತದೆ. ಡೈರೆಡ್ ಮೊದಲು ಬರೀ ಬೈಟುಗಳನ್ನು ತೆಗೆದುಕೊಂಡು, ಆಮೇಲೆ ಹೆಸರುಗಳನ್ನು ಅಕ್ಷರಗಳಾಗಿ ಬದಲಿಸುತ್ತದೆ. ಪಟ್ಟಿಯ ಎಲ್ಲ ಹೆಸರುಗಳಿಗೂ ಒಂದೇ ಎನ್‌ಕೋಡಿಂಗ್. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಹೆಚ್ಚಾಗಿ ಬಳಸುವ ಎನ್‌ಕೋಡಿಂಗ್ ಯುಟಿಎಫ್-8. ಅದರಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟಿರುವುದು 128 ಮನೆ. ಮೊದಲ 64ರ ಆರಂಭ 340 262, ಮಿಕ್ಕ 64ರ ಆರಂಭ 340 263. ಇವು ಎಂಟರ ಲೆಕ್ಕದ (0ಯಿಂದ 7ರವರೆಗಿನ ಅಂಕಿಗಳಷ್ಟೇ ಇರುವ) ಸಂಖ್ಯೆಗಳು, ಈಮ್ಯಾಕ್ಸ್ ತೋರಿಸುವುದು ಹಾಗೆಯೇ. ಕ ಅಂದರೆ 340 262 225. ಸ್ವರ ವ್ಯಂಜನಗಳೆಲ್ಲ ಮೊದಲರ್ಧದಲ್ಲಿವೆ. ಗುಡಿಸಿನ ದೀರ್ಘದಿಂದ ಮುಂದೆ ಕೊಂಬು, ಎತ್ವ, ಓತ್ವ, ಒತ್ತಕ್ಷರ ಮಾಡುವ ಗುರುತು ಇವೆಲ್ಲ ಎರಡನೇ ಅರ್ಧಕ್ಕೆ ಬೀಳುತ್ತವೆ. ಲ್ಯಾಟಿನ್-1ರಲ್ಲಿ ಒಂದು ಬೈಟ್ ಅಂದರೆ ಒಂದು ಅಕ್ಷರ. 340 ಅಂದರೆ ಗೀರಿನ ಎ. 262 ಅಂದರೆ ಮೇಲೇರಿದ 2, 263 ಅಂದರೆ ಮೇಲೇರಿದ 3. 225ಕ್ಕೆ ಅಲ್ಲಿ ಕಾಣುವ ಅಕ್ಷರವೇ ಇಲ್ಲ. ಅದಕ್ಕೇ ಈಮ್ಯಾಕ್ಸ್ ಸಂಖ್ಯೆಯನ್ನೇ ತೋರಿಸಿತ್ತು. ಲ್ಯಾಟಿನ್-1 ಯಾವ ಬೈಟನ್ನೂ ಬೇಡ ಅನ್ನುವುದಿಲ್ಲ. ಏನು ಕೊಟ್ಟರೂ ಏನೋ ಒಂದು ಓದುತ್ತದೆ. ತಪ್ಪಾಗಿದೆ ಅಂತ ಒಂದು ಎಚ್ಚರಿಕೆಯೂ ಬರದೇ ಇರುವುದು ಇದರಿಂದಲೇ.

ಪರಿಹಾರಕ್ಕೆ ಒಂದು ನಿಮಿಷ ಸಾಕಾಯಿತು. ಕಂಟ್ರೋಲ್-ಎಕ್ಸ್, ರಿಟರ್ನ್, ದೊಡ್ಡ ಎಫ್ ಒತ್ತಿ ಯುಟಿಎಫ್-8 ಅಂತ ಕೊಟ್ಟೆ. ಡೈರೆಡ್‌ನಲ್ಲಿ ಜಿ ಒತ್ತಿ ಪಟ್ಟಿ ಮತ್ತೆ ತರಿಸಿದೆ. ನನ್ನ ಫೋಲ್ಡರ್ ಸರಿಹೋಯಿತು. ಕ್ರಾನ್ ಸಾಲಿನಲ್ಲಿ ಲ್ಯಾಂಗ್ ಸೇರಿಸಿ ಈಮ್ಯಾಕ್ಸ್ ಮತ್ತೆ ಶುರುಮಾಡಿದೆ. ಕೆಲಸ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಮಾವನ ಫೋಲ್ಡರಿನಲ್ಲಿ ಒಂದಷ್ಟು ಹೆಸರು ಮಾತ್ರ ಕನ್ನಡವಾಗಿದ್ದವು. ಮಿಕ್ಕವು ಹಾಗೇ ಇದ್ದವು, ಅದರಲ್ಲೂ ಒಂದೊಂದು ಗುಂಪು ಒಂದೊಂದು ಥರ. ಜಾಸ್ತಿ ಇದ್ದದ್ದು ಗೀರಿನ ಎ, ಮೇಲೇರಿದ 2, ಒಂದು ದಪ್ಪ ಚುಕ್ಕಿ ಅಂತ ಶುರುವಾಗುವವು. ಇನ್ನೊಂದು ಗುಂಪಿನಲ್ಲಿ ಗ್ರೀಕ್ ಆಲ್ಫಾ, ಪಕ್ಕದಲ್ಲಿ ಚುಕ್ಕಿ ತುಂಬಿದ ಬೂದು ಚೌಕ. ಮೂರನೇ ಗುಂಪಿನಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಚಿಹ್ನೆ, ಗೀರಿನ ದೊಡ್ಡ ಎ. ಲೆಕ್ಕ ಹಾಕಿದರೆ ಒಟ್ಟು 410 ಫೈಲ್. ರಿಜಿಸ್ಟರಿಗಿಂತ ಎರಡು ಕಮ್ಮಿ.

ಮಾವನಿಗೆ ಫೋನ್ ಮಾಡಿದೆ.

"ಎಲ್ಲ ಬಂದವೆ ಅಲ್ವೇನವ್ವ?"

"ಬಂದಿವೆ ಮಾವ, ಹೆಸರು ಮಾತ್ರ ಸರಿಯಾಗಿ ಕಾಣ್ತಿಲ್ಲ. ಈ ಫೈಲುಗಳು ಎಲ್ಲೆಲ್ಲಿ ಓಡಾಡಿ ಬಂದಿವೆ ಅಂತ ನೆನಪಿದೆಯಾ?"

ಅವರಿಗೆ ಚೆನ್ನಾಗಿ ನೆನಪಿತ್ತು. ಮೊದಲು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಆಮೇಲೆ ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಯುನಿಕೋಡ್‌ನಲ್ಲಿ. ಅದು ಕೆಟ್ಟಾಗ ರಿಪೇರಿ ಅಂಗಡಿಯವರು ಫೈಲುಗಳನ್ನೆಲ್ಲ ಎತ್ತಿ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು. ಹಳೇ ಡಿಸ್ಕ್ ಈಗ ಇಲ್ಲ. ನಂತರದ ಪದಗಳನ್ನು ಜಿಪ್ ಮಾಡಿ ಮೇಲ್‌ನಲ್ಲಿ ಕಳಿಸಿದ್ದರು. ಕೊನೆಗೆ ಅವರ ಮಗ ಒಂದಷ್ಟನ್ನು ತನ್ನ ಹಳೇ ಮ್ಯಾಕ್‌ನಲ್ಲಿ ಟೈಪ್ ಮಾಡಿ, ಅಲ್ಲಿಂದ ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ಪ್ರೋಗ್ರಾಮಿನ ಮೂಲಕ ನನಗೆ ತಲುಪಿಸಿದ್ದ.

ಇಲ್ಲಿ ನಾನು ಒಂದು ತಪ್ಪು ದಾರಿ ಹಿಡಿದೆ. ಮೊದಲ ಸಲ ಎನ್‌ಕೋಡಿಂಗ್ ಬದಲಿಸಿದಾಗ ಸರಿಹೋಯಿತಲ್ಲ, ಈಗಲೂ ಅದೇ ಮಾಡೋಣ ಅಂತ ಒಂದಾದ ಮೇಲೊಂದು ಎನ್‌ಕೋಡಿಂಗ್ ಕೊಟ್ಟು ನೋಡಿದೆ. ಪ್ರತಿ ಸಲವೂ ಸರಿ ಇದ್ದವೂ ಕೆಟ್ಟವು, ಕೆಟ್ಟವು ಇನ್ನೊಂದು ಥರ ಕೆಟ್ಟವು. ಡೈರೆಡ್ ಇಡೀ ಪಟ್ಟಿಗೆ ಒಂದೇ ಎನ್‌ಕೋಡಿಂಗ್ ಹಚ್ಚುತ್ತದೆ ಅಂತ ಮೇಲೆ ಹೇಳಿದೆನಲ್ಲ. ಆದರೆ ಇಲ್ಲಿ ಒಂದೊಂದು ಫೈಲಿಗೂ ಒಂದೊಂದು ಚರಿತ್ರೆ ಇದೆ. ಲಿನಕ್ಸ್ ಫೈಲಿನ ಹೆಸರನ್ನು ಬರೀ ಬೈಟುಗಳಾಗಿ ಇಟ್ಟುಕೊಳ್ಳುತ್ತದೆ. ಓರೆಗೆರೆ ಮತ್ತು ಸೊನ್ನೆ ಬೈಟ್, ಇವೆರಡು ಬಿಟ್ಟು ಏನು ಬೇಕಾದರೂ ಹೆಸರಿನಲ್ಲಿ ಇರಬಹುದು. ಈ ಬೈಟುಗಳನ್ನು ಯಾವ ಎನ್‌ಕೋಡಿಂಗ್‌ನಲ್ಲಿ ಓದಬೇಕು ಅಂತ ಅದು ಎಲ್ಲೂ ಬರೆದಿಡುವುದಿಲ್ಲ. ಸೆಟ್ಟಿಂಗ್ ಬದಲಿಸುವುದನ್ನು ಅಲ್ಲಿಗೇ ಬಿಟ್ಟು, ಇಡೀ ಫೋಲ್ಡರಿನ ಒಂದು ನಕಲು ಮಾಡಿಟ್ಟು, ಬೈಟುಗಳನ್ನೇ ನೋಡಲು ಕೂತೆ.

ಎಲ್‌ಎಸ್ ಕೊಟ್ಟದ್ದನ್ನು ಓಡಿ ಅನ್ನುವ ಪುಟ್ಟ ಪ್ರೋಗ್ರಾಮಿಗೆ ಕಳಿಸಿದರೆ ಬೈಟುಗಳು ಕಾಣುತ್ತವೆ. ಕ ಇರಬೇಕಾದ ಕಡೆ 340 262 225 ಇರಲಿಲ್ಲ. 303 240, 302 262, 342 200 242 ಅಂತ ಇತ್ತು. ಮೂರು ಬೈಟಿನ ಜಾಗದಲ್ಲಿ ಏಳು. ಮೊದಲ ಜೋಡಿ ಯುಟಿಎಫ್-8ರಲ್ಲಿ ಬರೆದ ಗೀರಿನ ಎ. ಎರಡನೆಯದು ಮೇಲೇರಿದ 2. ಕೊನೆಯ ಮೂರು ದಪ್ಪ ಚುಕ್ಕಿ. ಅಂದರೆ ಯಾವುದೋ ಪ್ರೋಗ್ರಾಮ್ ಕನ್ನಡದ ಯುಟಿಎಫ್-8 ಹೆಸರನ್ನು ಒಂದೊಂದು ಬೈಟ್ ಒಂದೊಂದು ಅಕ್ಷರ ಅಂತ ತಪ್ಪಾಗಿ ಓದಿದೆ. ಓದಿದ್ದನ್ನು ಮತ್ತೆ ಯುಟಿಎಫ್-8 ಮಾಡಿ ಬರೆದಿದೆ. ಒಂದರ ಮೇಲೊಂದು ಎರಡು ಹೊದಿಕೆ. ದಪ್ಪ ಚುಕ್ಕಿ ಇದ್ದದ್ದರಿಂದ ಇದು ಲ್ಯಾಟಿನ್-1 ಅಲ್ಲ, ವಿಂಡೋಸ್-1252 ಅನ್ನುವುದೂ ತಿಳಿಯಿತು. ಎರಡೂ ಹೆಚ್ಚುಕಮ್ಮಿ ಒಂದೇ. ಲ್ಯಾಟಿನ್-1ರಲ್ಲಿ ಕಾಣದ ಅಕ್ಷರಗಳಿರುವ 32 ಮನೆಗಳ ಪೈಕಿ ಹೆಚ್ಚಿನವುಗಳಲ್ಲಿ ವಿಂಡೋಸ್-1252 ಚುಕ್ಕಿ, ಯೂರೋ ಚಿಹ್ನೆ, ಕೊಕ್ಕೆ ಉದ್ಧರಣ ಚಿಹ್ನೆ ಇಂಥವನ್ನು ಇಟ್ಟಿದೆ.

ಮೇಲಿನ ಹೊದಿಕೆ ತೆಗೆದರೆ ಒಳಗೆ ಕನ್ನಡ ಹಾಗೇ ಇರಬೇಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕೈದು ಸಾಲು ಬರೆದೆ. ಹೆಸರನ್ನು ವಿಂಡೋಸ್-1252ರ ಬೈಟುಗಳನ್ನಾಗಿ ಮಾಡು, ಆ ಬೈಟುಗಳನ್ನು ಯುಟಿಎಫ್-8 ಅಂತ ಓದು, ಏನು ಬಂತು ಅಂತ ತೋರಿಸು. ಹೆಸರು ಬದಲಿಸಬೇಡ, ತೋರಿಸು ಅಷ್ಟೇ. ಓಡಿಸಿದೆ. "ನಾಟಿ ಪದ" ಬಂತು. "ಹಸೆ ಪದ" ಬಂತು. "ಬೀಸೋ ಪದ" ಬಂತು. ಎಷ್ಟು ಖುಷಿಯಾಯಿತು ಅಂದರೆ ಎದ್ದು ಹೋಗಿ ಅಮ್ಮನಿಗೆ ತೋರಿಸಿದೆ.

ವಾಪಸ್ಸು ಬಂದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹೆಸರುಗಳು ಬಂದೇ ಇರಲಿಲ್ಲ. ಈ ಅಕ್ಷರವನ್ನು ಬದಲಿಸಲು ಆಗುವುದಿಲ್ಲ ಅಂತ ಪೈಥಾನ್ ದೂರು ಹೇಳುತ್ತಿತ್ತು. ಒಂದೇ ಪೆನ್‌ಡ್ರೈವಿನ ಫೈಲುಗಳು, ಒಂದೇ ದಾರಿಯಲ್ಲಿ ಬಂದವು. ಕೆಲವು ಸರಿಹೋಗಿ ಮಿಕ್ಕವು ಯಾಕೆ ಹೋಗಲಿಲ್ಲ?

ಆ ದಿನ ರಾತ್ರಿಯವರೆಗೂ ಇದೇ ತಲೆಯಲ್ಲಿತ್ತು. ಊಟ ಮಾಡಿ ಬಂದು ಡೈರೆಡ್ ಪಟ್ಟಿಯನ್ನು ಮತ್ತೆ ತೆರೆದು, ಹಟ ಹಿಡಿದ ಹೆಸರುಗಳನ್ನಷ್ಟೇ ಒಂದೊಂದಾಗಿ ನೋಡಿದೆ. ಸರಿಹೋದವುಗಳಲ್ಲಿ ಇಲ್ಲದ ಒಂದು ಗುರುತು ಇವುಗಳಲ್ಲಿ ಇತ್ತು. ಹಿಂದಕ್ಕೆ ವಾಲಿದ ಗೀರು ಮತ್ತು 215. ಇಲ್ಲವೇ 201. ಹೆಚ್ಚಿನವುಗಳಲ್ಲಿ ಎರಡೂ. ಬೇರೆ ಫೈಲ್ ಮ್ಯಾನೇಜರಿನಲ್ಲಿ ಇದೇ ಫೋಲ್ಡರ್ ತೆರೆದು ನೋಡಿದೆ. ಅಲ್ಲಿ ಆ ಜಾಗದಲ್ಲಿ ಏನೂ ಕಾಣಲಿಲ್ಲ. ಕಣ್ಣಿಗೆ ಕಾಣದ ನಿಯಂತ್ರಣ ಅಕ್ಷರ ಅದು. ಕಾಣದ್ದನ್ನೂ ಸಂಖ್ಯೆ ಕೊಟ್ಟು ತೋರಿಸುವ ಈಮ್ಯಾಕ್ಸ್‌ನ ಈ ಗುಣಕ್ಕೆ ನಾನು ಋಣಿ. ಅದು ತೋರಿಸದೆ ಇದ್ದಿದ್ದರೆ ಇನ್ನೂ ಎಷ್ಟು ದಿನ ಹುಡುಕುತ್ತಿದ್ದೆನೋ.

215 ಅಂದರೆ ಏನು? ಕನ್ನಡದ ಬೈಟುಗಳ ಪಟ್ಟಿ ತೆಗೆದು ನೋಡಿದೆ. 340 263 215, ವ್ಯಂಜನಕ್ಕೆ ಒತ್ತು ಕೊಡಲು ಬೇಕಾದ ಗುರುತು. 340 263 201, ಕೊಂಬು.

ವಿಂಡೋಸ್-1252ರ 256 ಮನೆಗಳಲ್ಲಿ ಐದು ಖಾಲಿ ಇವೆ. ಎಂಟರ ಲೆಕ್ಕದಲ್ಲಿ 201, 215, 217, 220, 235. ಅವಕ್ಕೆ ಯಾವ ಅಕ್ಷರವನ್ನೂ ಕೊಟ್ಟಿಲ್ಲ. ನಮ್ಮ ಕೊಂಬು 201ಕ್ಕೆ ಬರುತ್ತದೆ. ಒತ್ತಿನ ಗುರುತು 215ಕ್ಕೆ. ಏ 217ಕ್ಕೆ, ಐ 220ಕ್ಕೆ, ಝ 235ಕ್ಕೆ. ಐದು ಖಾಲಿ ಮನೆಗೂ ಕನ್ನಡದ ಒಂದೊಂದು ಗುರುತು ಬಂದು ಬೀಳುತ್ತದೆ. ಅದರಲ್ಲೂ ಕೊಂಬು ಮತ್ತು ಒತ್ತು! ಇವೆರಡು ಇಲ್ಲದೆ ಕನ್ನಡದಲ್ಲಿ ಎಷ್ಟು ಮಾತು ಆಡಲು ಸಾಧ್ಯ? ಅಮ್ಮ ಇಲ್ಲ, ಅಪ್ಪ ಇಲ್ಲ, ಅಜ್ಜಿ ಇಲ್ಲ. ಹಬ್ಬ ಇಲ್ಲ, ಮದುವೆ ಇಲ್ಲ, ತೊಟ್ಟಿಲು ಇಲ್ಲ. "ನಾಟಿ ಪದ", "ಹಸೆ ಪದ" ಸರಿಹೋಗಿದ್ದು ಅವುಗಳಲ್ಲಿ ಒತ್ತೂ ಕೊಂಬೂ ಇರಲಿಲ್ಲ ಅನ್ನುವ ಒಂದೇ ಕಾರಣಕ್ಕೆ.

ವಿಂಡೋಸ್ ಮಾತ್ರ ಈ ಖಾಲಿ ಮನೆಗಳನ್ನು ಹಾಗೇ ಬಿಡುವುದಿಲ್ಲ. ಅಲ್ಲಿ ಬಿದ್ದ ಬೈಟಿಗೆ ಅದೇ ಸಂಖ್ಯೆಯ ನಿಯಂತ್ರಣ ಅಕ್ಷರವನ್ನು ಕೊಟ್ಟು ಮುಂದೆ ಹೋಗುತ್ತದೆ. ನಮ್ಮ ಪುಣ್ಯ ಅದು. ಬೈಟ್ ಕಳೆದುಹೋಗಿಲ್ಲ, 302 215 ಅಂತ ಡಿಸ್ಕಿನಲ್ಲಿ ಕೂತಿದೆ. ಪೈಥಾನ್ ಕಟ್ಟುನಿಟ್ಟು. ಖಾಲಿ ಅಂದರೆ ಖಾಲಿ ಅಂತ ನಿಲ್ಲಿಸುತ್ತದೆ. ಹಾಗಾಗಿ ನನ್ನ ನಾಲ್ಕೈದು ಸಾಲಿಗೆ ಇನ್ನೊಂದು ನಿಯಮ ಸೇರಿಸಿದೆ. ವಿಂಡೋಸ್-1252ರಲ್ಲಿ ಇದ್ದರೆ ಅದರ ಬೈಟ್ ತೆಗೆದುಕೋ, ಇಲ್ಲದಿದ್ದರೆ ಮತ್ತು ಅಕ್ಷರದ ಸಂಖ್ಯೆ 256ಕ್ಕಿಂತ ಕಮ್ಮಿ ಇದ್ದರೆ ಆ ಸಂಖ್ಯೆಯನ್ನೇ ಬೈಟ್ ಅಂತ ತೆಗೆದುಕೋ. ಪೈಥಾನ್‌ಗೆ ಎಫ್‌ಟಿಎಫ್‌ವೈ ಅನ್ನುವ ಲೈಬ್ರರಿ ಇದೆ, ಅದರಲ್ಲಿ ಇದೇ ಉಪಾಯವಿದೆ ಅಂತ ಆಮೇಲೆ ಗೊತ್ತಾಯಿತು.

ಮತ್ತೆ ಓಡಿಸಿದೆ. ಮೊದಲ ಸಾಲಿನಲ್ಲೇ "ಅಜ್ಜಿ ಹೇಳಿದ ತೊಟ್ಟಿಲು ಪದ" ಅಂತ ಬಂತು. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಇಂಥ ಹೆಸರನ್ನು ಪರದೆಯ ಮೇಲೆ ನೋಡಿಕೊಂಡು ಕೈಯಲ್ಲಿ ಟೈಪ್ ಮಾಡಿ ಸರಿಮಾಡಲು ಹೋಗಬೇಡಿ. ಒತ್ತು ಮತ್ತು ಕೊಂಬಷ್ಟೇ ಅಲ್ಲ, ಭ ಕೂಡ ಹೀಗೆ ಅಡಗುತ್ತದೆ. ಅದರ ಮೂರನೇ ಬೈಟ್ ಆ ಪಟ್ಟಿಯಲ್ಲಿ ಮೃದು ಅಡ್ಡಗೆರೆ ಆಗುತ್ತದೆ, ಎಷ್ಟೋ ಪ್ರೋಗ್ರಾಮುಗಳು ಅದನ್ನು ತೋರಿಸುವುದೇ ಇಲ್ಲ. ಠ ಆದರೆ ಬರೀ ಖಾಲಿ ಜಾಗದ ಹಾಗೆ ಕಾಣುತ್ತದೆ. ಕಣ್ಣು ಬಿಟ್ಟುಬಿಟ್ಟದ್ದನ್ನು ಕೈಯೂ ಬಿಟ್ಟುಬಿಡುತ್ತದೆ. ಬೈಟಿನಿಂದಲೇ ತೆಗೆಯಬೇಕು.

ನಿಜವಾಗಿ ಹೆಸರು ಬದಲಿಸುವ ಮುಂಚೆ ಹಳೇ ಹೆಸರು, ಹೊಸ ಹೆಸರು ಎರಡನ್ನೂ ಒಂದು ಫೈಲಿನಲ್ಲಿ ಬರೆಸಿದೆ. ಹೊಸ ಹೆಸರು ಪೂರ್ತಿ ಯುಟಿಎಫ್-8 ಆಗಿ ಓದಲು ಬಂದರೆ, ಅದರಲ್ಲಿ ಕನ್ನಡ ಅಕ್ಷರ ಇದ್ದರೆ, ಆ ಹೆಸರಿನ ಬೇರೆ ಫೈಲ್ ಇಲ್ಲದಿದ್ದರೆ ಮಾತ್ರ ಬದಲಿಸು ಅಂತ ಮೂರು ಕಾವಲು ಇಟ್ಟೆ. ಆ ಗುಂಪು ಪೂರ್ತಿ ಸರಿಹೋಯಿತು.

ಆಲ್ಫಾ ಗುಂಪು ಸುಲಭದ್ದು. ಜಿಪ್‌ನಲ್ಲಿ ಫೈಲ್ ಹೆಸರಿಗೆ ಮೊದಲಿಂದ ಇದ್ದ ಎನ್‌ಕೋಡಿಂಗ್ ಐಬಿಎಂನ 437ನೇ ಕೋಡ್ ಪೇಜ್. ಈ ಹೆಸರು ಯುಟಿಎಫ್-8ರಲ್ಲಿದೆ ಅಂತ ಹೇಳಲು ಒಂದು ಬಿಟ್ ಗುರುತನ್ನು 2006ರಲ್ಲಿ ಸೇರಿಸಿದರು. ಮಾವ ಬಳಸಿದ ಪ್ರೋಗ್ರಾಮ್ ಹೆಸರನ್ನು ಯುಟಿಎಫ್-8ರಲ್ಲೇ ಬರೆದಿತ್ತು, ಆದರೆ ಆ ಗುರುತು ಹಾಕಿರಲಿಲ್ಲ. ಬಿಚ್ಚುವ ಪ್ರೋಗ್ರಾಮ್ 437 ಅಂತಲೇ ಓದಿತು. 437ರಲ್ಲಿ 340 ಅಂದರೆ ಆಲ್ಫಾ, 262 ಅಂದರೆ ಬೂದು ಚೌಕ. ಮೂಲ ಜಿಪ್ ನನ್ನ ಮೇಲ್‌ನಲ್ಲೇ ಇತ್ತು. ಮೂಲ ಇರುವಾಗ ಕೆಟ್ಟದ್ದನ್ನು ರಿಪೇರಿ ಮಾಡುವುದು ಯಾಕೆ? ಉಬುಂಟು ಲಿನಕ್ಸ್‌ನಲ್ಲಿ ಜಿಪ್ ಬಿಚ್ಚುವ ಅನ್‌ಜಿಪ್‌ಗೆ ದೊಡ್ಡ ಓ ಅನ್ನುವ ಆಯ್ಕೆ ಇದೆ. ಅದರಲ್ಲಿ ಯುಟಿಎಫ್-8 ಅಂತ ಹೇಳಿ ಬೇರೆ ಫೋಲ್ಡರಿಗೆ ಮತ್ತೆ ಬಿಚ್ಚಿದೆ.

ಬಿಚ್ಚಿದಾಗ ಮುಂಚೆ ಇರದ ಮೂರು ಫೈಲುಗಳು ಬಂದವು. ಮೂರೂ ಉದ್ದ ಹೆಸರಿನವು. ಮಾವ ಪದದ ಇಡೀ ಮೊದಲ ಸಾಲನ್ನೇ ಹೆಸರಾಗಿ ಇಟ್ಟಿದ್ದರು. ಲಿನಕ್ಸ್‌ನಲ್ಲಿ ಫೈಲಿನ ಹೆಸರು 255 ಬೈಟ್ ದಾಟುವಂತಿಲ್ಲ. ಸರಿಯಾಗಿ ಬರೆದರೆ ಅದರಲ್ಲಿ ಕನ್ನಡದ 85 ಗುರುತು ಹಿಡಿಸುತ್ತವೆ. ಆಲ್ಫಾ, ಚೌಕ ಅಂತ ಬರೆದರೆ ಒಂದೊಂದಕ್ಕೆ ಏಳೆಂಟು ಬೈಟ್ ಬೇಕು, 36 ದಾಟುವಷ್ಟರಲ್ಲಿ ಜಾಗ ಮುಗಿಯುತ್ತದೆ. ಮೊದಲ ಸಲ ಬಿಚ್ಚಿದ ಪ್ರೋಗ್ರಾಮ್ ಹೆಸರು ತುಂಬಾ ಉದ್ದ ಅಂತ ಮೂರನ್ನೂ ಕೈಬಿಟ್ಟಿತ್ತು. ಹಾಗೆ ಹೇಳಿಯೂ ಇರಬೇಕು. ನಾನು ಗಮನಿಸಿರಲಿಲ್ಲ.

ಈಗ 413. ರಿಜಿಸ್ಟರಿಗಿಂತ ಒಂದು ಜಾಸ್ತಿ. ಎರಡು ಕಮ್ಮಿ ಇದ್ದದ್ದು ಒಂದು ಜಾಸ್ತಿ ಹೇಗಾಯಿತು ಅಂತ ಅರ್ಥವಾಗಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಮೂರನೇ ಗುಂಪಿಗೆ ಬಂದೆ.

ಗೀರಿನ ಎ ಸಣ್ಣದಾದರೆ ಎನ್‌ಕೋಡಿಂಗ್ ತಪ್ಪು, ದೊಡ್ಡದಾದರೆ ನುಡಿ ಅಥವಾ ಅದರಂಥದೇ ಬರಹ ತಂತ್ರಾಂಶ. ಇಷ್ಟು ದಿನ ಈ ಫೋಲ್ಡರ್ ನೋಡಿ ನೋಡಿ ನನಗೆ ಸಿಕ್ಕ ಗುರುತು ಇದು. ಹಳೇ ನುಡಿಯಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ವಾಸ ಮಾಡುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ರಾಶಿ. ಗೀರಿನ ದೊಡ್ಡ ಎ ಅಲ್ಲಿ ತಲೆಕಟ್ಟು. ಅದಕ್ಕೇ ಅದು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಮೊದಲ ಸಲ ಸೇವ್ ಮಾಡುವಾಗ ವರ್ಡ್ ಮೊದಲ ಸಾಲನ್ನೇ ಹೆಸರಾಗಿ ಸೂಚಿಸುತ್ತದಲ್ಲ, ಮಾವ ಅದನ್ನೇ ಒಪ್ಪಿಕೊಂಡು ಸೇವ್ ಮಾಡಿದ್ದರು. ಇಲ್ಲಿ ಬೈಟುಗಳೇನೂ ಕೆಟ್ಟಿಲ್ಲ. ಈ ಹೆಸರಿಗೆ ಬೇಕಾದದ್ದು ಒಂದು ಫಾಂಟ್, ಫೈಲ್ ಪಟ್ಟಿಯಲ್ಲಿ ಆ ಫಾಂಟ್ ಹಾಕುವವರು ಯಾರು?

21 ಫೈಲ್ ಇದ್ದವು. ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ, ಹೆಸರುಗಳನ್ನು ಅದರಲ್ಲಿ ಹಾಕಿದೆ. ಹೆಚ್ಚಿನವು ಬಂದವು, ನಾಲ್ಕು ಬರಲಿಲ್ಲ. ಮಾವನಿಗೆ ಮತ್ತೆ ಫೋನ್ ಮಾಡಿದೆ. ಕಂಡದ್ದನ್ನು ಕಂಡ ಹಾಗೆ ಓದಿದೆ.

"ದೊಡ್ಡ ಪಿ, ಆಮೇಲೆ ಗೀರಿನ ದೊಡ್ಡ ಎ..."

"ಕ. ಮುಂದೆ ಹೇಳವ್ವ."

"ಪೌಂಡ್ ಗುರುತು, ಮತ್ತೆ ಗೀರಿನ ಎ..."

"ನ ಕಣವ್ವ ಅದು."

ನಾಲ್ಕೂ ಹೆಸರುಗಳನ್ನು ಹೀಗೇ ಬಿಡಿಸಿ ಹೇಳಿದರು. ಎಷ್ಟು ವರ್ಷ ಫಾಂಟ್ ಕೈಕೊಟ್ಟ ಪುಟಗಳನ್ನು ನೋಡಿದ್ದಾರೋ, ಅವರಿಗೆ ಆ ರಾಶಿಯೂ ಓದಲು ಬರುತ್ತದೆ. ನಾನು ಡೈರೆಡ್‌ನಲ್ಲಿ ಕಂಟ್ರೋಲ್-ಎಕ್ಸ್ ಕಂಟ್ರೋಲ್-ಕ್ಯೂ ಒತ್ತಿದೆ. ಹಾಗೆ ಮಾಡಿದರೆ ಪಟ್ಟಿಯನ್ನೇ ಪುಟದ ಹಾಗೆ ತಿದ್ದಬಹುದು. ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ.

ಎಲ್ಲ ಕನ್ನಡವಾದ ಮೇಲೆ ಪಟ್ಟಿಯನ್ನು ಪ್ರಿಂಟ್ ಮಾಡಿಸಿ ಭಾನುವಾರ ಮದ್ದೂರಿಗೆ ಹೋದೆ. ಮಾವ ಜಗುಲಿ ಮೇಲೆ ಕೂತು, ಒಂದು ಕೈಯಲ್ಲಿ ರಿಜಿಸ್ಟರ್ ಇನ್ನೊಂದರಲ್ಲಿ ಪಟ್ಟಿ ಹಿಡಿದು, ಒಂದೊಂದಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಬಂದರು. ಮಧ್ಯದಲ್ಲಿ ನಿಂತರು.

"ಇದೇನವ್ವ, ಬೀಸೋ ಪದ 7 ಎರಡು ಸಲ ಐತಲ್ಲ?"

ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇರಲು ಸಾಧ್ಯವೇ ಇಲ್ಲ. ಲ್ಯಾಪ್‌ಟಾಪ್ ತೆಗೆದು ನೋಡಿದೆ. ನಿಜವಾಗಿಯೂ ಎರಡಿದ್ದವು, ನೋಡಲು ಕೂದಲೆಳೆಯ ವ್ಯತ್ಯಾಸವೂ ಇಲ್ಲ. "ಬೀಸೋ" ಅಂತ ಹುಡುಕಿದರೆ ಈಮ್ಯಾಕ್ಸ್ ಒಂದನ್ನು ಮಾತ್ರ ಹಿಡಿಯಿತು. ಜಗುಲಿಯಲ್ಲೇ ಕೂತು ಬೈಟ್ ಎಣಿಸಿದೆ. ಒಂದರಲ್ಲಿ "ಬೀಸೋ ಪದ" ಅನ್ನುವುದಕ್ಕೆ 19 ಬೈಟ್, ಇನ್ನೊಂದರಲ್ಲಿ 28.

ಎರಡನೆಯದು ಮ್ಯಾಕ್‌ನಿಂದ ಬಂದದ್ದು. ಹಳೇ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಬಿಡಿ ಮಾಡಿ ಇಡುತ್ತಿತ್ತು. ಬೀ ಅಂದರೆ ನಮಗೆ ಬ ಮತ್ತು ಗುಡಿಸಿನ ದೀರ್ಘ. ಅದು ಬ, ಗುಡಿಸು, ದೀರ್ಘ ಅಂತ ಮೂರಾಗಿ ಬರೆಯುತ್ತದೆ. ಸೋ ಅಂದರೆ ಸ, ಎತ್ವ, ಕೊಂಬಿನ ಇಳಿ, ದೀರ್ಘ ಅಂತ ನಾಲ್ಕು. ಯುನಿಕೋಡ್ ಪ್ರಕಾರ ಎರಡೂ ಬರವಣಿಗೆ ಸಮಾನ. ಪರದೆಯ ಮೇಲೂ ಒಂದೇ ಥರ. ಲಿನಕ್ಸ್‌ಗೆ ಮಾತ್ರ ಬೈಟ್ ಬೇರೆಯಾದರೆ ಹೆಸರೂ ಬೇರೆ. ಇದನ್ನು ಮಾವನಿಗೆ ಹೇಳಿದೆ. "ಮಕ್ಕಳಿಗೆ ಕಾಗುಣಿತ ಹೇಳಿಕೊಟ್ಟಂಗೆ ಬಿಡಿಸಿ ಬರೆದದೆ ಅನ್ನು" ಅಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಹೆಸರುಗಳ ಎನ್‌ಕೋಡಿಂಗ್ ಬದಲಿಸಲೆಂದೇ ಕಾನ್ವ್‌ಎಂವಿ ಅನ್ನುವ ಪ್ರೋಗ್ರಾಮ್ ಇದೆ. ಬಿಡಿಸಿದ್ದನ್ನು ಕೂಡಿಸುವ ಆಯ್ಕೆಯೂ ಅದರಲ್ಲಿದೆ. ನಾವು ಬಿಡಿಸಿ ಹೇಳದ ಹೊರತು ಅದು ಏನನ್ನೂ ಬದಲಿಸುವುದಿಲ್ಲ, ಏನು ಮಾಡುತ್ತೇನೆ ಅಂತ ತೋರಿಸುತ್ತದೆ ಅಷ್ಟೇ. ಮ್ಯಾಕ್‌ನಿಂದ ಬಂದ ಎಲ್ಲ ಹೆಸರುಗಳನ್ನೂ ಅದರಿಂದ ಕೂಡಿಸಿದೆ. ಬೀಸೋ ಪದ 7ರ ಹತ್ತಿರ ಬಂದಾಗ, ಆ ಹೆಸರಿನ ಫೈಲ್ ಆಗಲೇ ಇದೆ ಅಂತ ನಿಂತಿತು.

ಎರಡೂ ಒಂದೇ ಇರಬೇಕು, ಒಂದನ್ನು ಅಳಿಸಿದರೆ 412 ಆಗುತ್ತದೆ ಅಂತ ನನ್ನ ಲೆಕ್ಕ. ಅಳಿಸುವ ಮುಂಚೆ ಎರಡನ್ನೂ ಅಕ್ಕಪಕ್ಕ ತೆರೆದು ಮಾವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಮ್ಯಾಕ್‌ನದರಲ್ಲಿ ಕೊನೆಗೆ ಎರಡು ನುಡಿ ಜಾಸ್ತಿ ಇದ್ದವು. ಮಾವನ ಮಗ ಒಂದು ಸಲ ರಜಕ್ಕೆ ಬಂದಿದ್ದಾಗ, ಪಕ್ಕದ ಮನೆಯ ಅಜ್ಜಿ ನೆನಪು ಮಾಡಿಕೊಂಡು ಹೇಳಿದ್ದನ್ನು ಸೇರಿಸಿದ್ದನಂತೆ. ಯಾರಿಗೂ ಹೇಳಿರಲಿಲ್ಲ.

ಆ ಎರಡು ನುಡಿಯನ್ನು ಮಾವನ ಫೈಲಿಗೆ ಸೇರಿಸಿ, ಪಕ್ಕದ ಮನೆಯ ಅಜ್ಜಿಯ ಹೆಸರನ್ನೂ ಫೈಲಿನ ಹೆಸರಿಗೆ ಸೇರಿಸಿದೆವು. ಆ ಹೆಸರಿನಲ್ಲಿ ಒತ್ತೂ ಇದೆ, ಕೊಂಬೂ ಇದೆ. ಮಾವ ರಿಜಿಸ್ಟರಿನಲ್ಲಿ ಆ ಸಾಲಿನ ಮುಂದೆ ಪೆನ್ನಿನಲ್ಲಿ ಅದನ್ನೇ ಬರೆದರು.